ಕೈಕಾಲುಗಳಲ್ಲಿ ಮೂಳೆಗಳ ಪರಸ್ಪರ ಸ್ಥಾನ

ಮುಂಬಯಿಯ ಉಪನಗರ ರೈಲಿನಲ್ಲಿ ಬೆಳಗಿನ ಹೊತ್ತು ನಿಂತು ಪ್ರಯಾಣ ಮಾಡುವವರ ಕೈಗಳನ್ನು ಗಮನಿಸಿದರೆ ಶರೀರರಚನಾ ಶಾಸ್ತ್ರದ ಒಂದು ಪಾಠವೇ ಅಲ್ಲಿ ತೆರೆದಿರುತ್ತದೆ. ಒಬ್ಬನು ತೋಳನ್ನು ತಲೆಯ ಮೇಲಕ್ಕೆ ಚಾಚಿ ಹಿಡಿಕೆಯನ್ನು ಹಿಡಿದಿರುತ್ತಾನೆ. ಇನ್ನೊಬ್ಬನ ಕೈ ಬಾಗಿಲ ಬಳಿಯ ಕಂಬವನ್ನು ಬಳಸಿರುತ್ತದೆ. ಮೂರನೆಯವನು ಮೊಣಕೈ ಮಡಿಸಿ ಚೀಲವನ್ನು ಎದೆಗೆ ಅವುಚಿಕೊಂಡಿರುತ್ತಾನೆ. ಮೂವರ ತೋಳಿನಲ್ಲಿಯೂ ಇರುವ ಮೂಳೆಗಳು ಅವೇ, ಸಂಖ್ಯೆಯೂ ಅಷ್ಟೇ. ಬದಲಾಗಿರುವುದು ಒಂದು ಮೂಳೆಯನ್ನು ಕುರಿತು ಮತ್ತೊಂದು ಮೂಳೆ ತಳೆದಿರುವ ಸ್ಥಾನ ಮಾತ್ರ.

1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟಿತು. 1925ರಲ್ಲಿ ವಿದ್ಯುತ್ ರೈಲು ಬಂದಿತು. ಅಂದಿನಿಂದ ಈ ನಗರದ ದಿನಚರಿ ರೈಲಿನ ಬಾಗಿಲು, ಪ್ಲಾಟ್‌ಫಾರ್ಮಿನ ಅಂಚು, ಮೇಲ್ಸೇತುವೆಯ ಮೆಟ್ಟಿಲು ಇವುಗಳ ನಡುವೆ ಸಾಗಿದೆ. ನೂಕುನುಗ್ಗಲಿನಲ್ಲಿ ಕಾಲು ಜಾರಿ ಬಿದ್ದವರನ್ನು ಮೊದಲು ಮುಟ್ಟುವವರು ವೈದ್ಯರಲ್ಲ. ಪಕ್ಕದಲ್ಲಿದ್ದ ಸಹಪ್ರಯಾಣಿಕರು, ಹಮಾಲರು, ಅಂಗಡಿಯವರು. ಇಬ್ಬರು ಕೈಗಳನ್ನು, ಇಬ್ಬರು ಕಾಲುಗಳನ್ನು ಹಿಡಿದು ಗಾಯಾಳುವನ್ನು ಎತ್ತಿ ಓಡುವುದು ಸಾಮಾನ್ಯ ದೃಶ್ಯ. ಒಳ್ಳೆಯ ಮನಸ್ಸಿನಿಂದ ಮಾಡಿದ ಈ ಕೆಲಸವೇ ಕೆಲವೊಮ್ಮೆ ಮುರಿದ ಮೂಳೆಯ ತುದಿಯನ್ನು ಪಕ್ಕದ ನರಕ್ಕೋ ರಕ್ತನಾಳಕ್ಕೋ ಚುಚ್ಚಿಬಿಡುತ್ತದೆ. ಯಾವ ಮೂಳೆ ಎಲ್ಲಿದೆ, ಅದರ ಪಕ್ಕದಲ್ಲಿ ಏನಿದೆ ಎಂಬ ತಿಳಿವಳಿಕೆ ಸಾಮಾನ್ಯ ನಾಗರಿಕನಿಗೂ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಸ್ಥಾನವನ್ನು ಹೇಳುವ ಕ್ರಮ

ವಯಸ್ಕ ಮಾನವನ ಶರೀರದಲ್ಲಿ 206 ಮೂಳೆಗಳಿವೆ ಎಂದು ಆಧುನಿಕ ಶಾಸ್ತ್ರವು ಎಣಿಸುತ್ತದೆ. ಇವುಗಳಲ್ಲಿ 126 ಮೂಳೆಗಳು ಕೈಕಾಲುಗಳಿಗೆ ಸೇರಿದವು. ಹೆಗಲಿನಿಂದ ಬೆರಳ ತುದಿಯವರೆಗೆ ಒಂದೊಂದು ಕಡೆ 32, ಸೊಂಟದಿಂದ ಕಾಲ್ಬೆರಳ ತುದಿಯವರೆಗೆ ಒಂದೊಂದು ಕಡೆ 31. ನಮ್ಮ ಪ್ರಾಚೀನರಾದ ಚರಕರು 360 ಎಂದೂ ಸುಶ್ರುತರು 300 ಎಂದೂ ಹೇಳಿದ್ದಾರೆ. ಈ ವ್ಯತ್ಯಾಸ ಕಂಡು ಆಶ್ಚರ್ಯಪಡಬೇಕಾಗಿಲ್ಲ. ಚರಕರ ಎಣಿಕೆಯಲ್ಲಿ ಹಲ್ಲುಗಳೂ ಉಗುರುಗಳೂ ಸೇರಿವೆ.

ಮೂಳೆಯ ಸ್ಥಾನವನ್ನು ಹೇಳುವುದಕ್ಕೆ ಮೊದಲು ಶರೀರವು ಹೇಗೆ ನಿಂತಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಕೈ ಸುಮ್ಮನೆ ಇಳಿಬಿಟ್ಟು ನಿಂತಾಗ ಹೆಬ್ಬೆರಳು ಮುಂದಿರುತ್ತದೆ. ಮುಂಗೈ ತಿರುಗಿಸಿದರೆ ಅದೇ ಬೆರಳು ದೇಹದ ಕಡೆಗೆ ಬರುತ್ತದೆ. ಹೀಗಿರುವಾಗ ‘ಕೈಯ ಹೊರಬದಿ’ ಎಂದರೆ ಯಾವುದು? ಈ ಗೊಂದಲವನ್ನು ಹೋಗಲಾಡಿಸಲು ಶಾಸ್ತ್ರಜ್ಞರು ಒಂದು ನಿಲುವನ್ನು ಒಪ್ಪಿಕೊಂಡಿದ್ದಾರೆ. ವ್ಯಕ್ತಿ ನೆಟ್ಟಗೆ ನಿಂತಿರಬೇಕು, ಮುಖ ಮುಂದಕ್ಕಿರಬೇಕು, ತೋಳುಗಳು ಪಕ್ಕದಲ್ಲಿ ಇಳಿಬಿದ್ದಿರಬೇಕು, ಅಂಗೈಗಳು ಮುಂದಕ್ಕೆ ತೆರೆದಿರಬೇಕು. ಈ ನಿಲುವಿನಲ್ಲಿ ಹೆಬ್ಬೆರಳು ಹೊರಬದಿಗೂ ಕಿರುಬೆರಳು ಒಳಬದಿಗೂ ಇರುತ್ತವೆ. ದೇಹದ ನಟ್ಟನಡುವೆ ಎಳೆದ ಗೆರೆಗೆ ಹತ್ತಿರವಾದದ್ದು ಒಳಬದಿ, ದೂರವಾದದ್ದು ಹೊರಬದಿ. ಮುಂಡಕ್ಕೆ ಸಮೀಪವಾದದ್ದು ಮೇಲಿನ ತುದಿ, ದೂರವಾದದ್ದು ಕೆಳಗಿನ ತುದಿ. ರೋಗಿ ಮಲಗಿರಲಿ, ಕುಳಿತಿರಲಿ, ರೈಲಿನ ಹಿಡಿಕೆಗೆ ಜೋತುಬಿದ್ದಿರಲಿ, ಹೇಳಿಕೆ ಮಾತ್ರ ಈ ನಿಲುವನ್ನು ಆಧರಿಸಿಯೇ ಇರುತ್ತದೆ. ‘ಬಲಮುಂದೋಳಿನ ಹೊರಮೂಳೆ, ಕೆಳತುದಿಯಲ್ಲಿ ಮುರಿತ’ ಎಂದು ವಿರಾರಿನ ವೈದ್ಯರೊಬ್ಬರು ದೂರವಾಣಿಯಲ್ಲಿ ಹೇಳಿದರೆ ಪರೇಲಿನ ವೈದ್ಯರಿಗೆ ಸಂದೇಹ ಉಳಿಯುವುದಿಲ್ಲ.

ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜು ಆರಂಭವಾದದ್ದು 1845ರಲ್ಲಿ. ಎಕ್ಸ್-ಕಿರಣವನ್ನು ರಂಟ್‌ಗೆನ್ ಕಂಡುಹಿಡಿದದ್ದು 1895ರಲ್ಲಿ. ನಡುವಿನ 50 ವರ್ಷ ಅಲ್ಲಿ ಕಲಿತವರೆಲ್ಲರೂ ಒಳಗಿನ ಮೂಳೆಯನ್ನು ಚಿತ್ರದಲ್ಲಿ ಕಾಣದೆ, ಬೆರಳುಗಳಿಂದ ಮುಟ್ಟಿ, ಒಂದು ಉಬ್ಬಿಗೂ ಇನ್ನೊಂದು ಉಬ್ಬಿಗೂ ಇರುವ ಅಂತರವನ್ನು ನೋಡಿಯೇ ಮುರಿತವನ್ನು ಗುರುತಿಸಬೇಕಾಗಿತ್ತು. ಈ ವಿದ್ಯೆಯ ಬಹುಭಾಗ ಇಂದಿಗೂ ಕೆಲಸಕ್ಕೆ ಬರುತ್ತದೆ.

ಹೆಗಲಿನಿಂದ ಮೊಣಕೈಯವರೆಗೆ

ತೋಳು ಮುಂಡಕ್ಕೆ ಹೇಗೆ ಸೇರಿದೆ ಎಂಬುದನ್ನು ಬಹಳ ಮಂದಿ ತಪ್ಪಾಗಿ ಊಹಿಸುತ್ತಾರೆ. ಬೆನ್ನ ಮೇಲ್ಭಾಗದಲ್ಲಿರುವ ಮುಕ್ಕೋನಾಕಾರದ ಹೆಗಲ ಹಲಗೆ ಬೆನ್ನೆಲುಬಿಗಾಗಲಿ ಪಕ್ಕೆಲುಬುಗಳಿಗಾಗಲಿ ಕೀಲಿನಿಂದ ಸೇರಿಲ್ಲ. ಎರಡನೆಯ ಪಕ್ಕೆಲುಬಿನಿಂದ ಏಳನೆಯದರವರೆಗಿನ ಹರವಿನ ಮೇಲೆ ಅದು ಸ್ನಾಯುಗಳ ಹಿಡಿತದಲ್ಲಿ ಜಾರಾಡುತ್ತದೆ. ತೋಳಿಗೂ ಎದೆಗೂಡಿಗೂ ಇರುವ ಮೂಳೆಯ ಕೊಂಡಿ ಒಂದೇ: ಕುತ್ತಿಗೆಯ ಬುಡದಲ್ಲಿ ಅಡ್ಡಲಾಗಿರುವ, ಕಾಲರ್ ಮೂಳೆ ಎಂದು ಜನ ಕರೆಯುವ ಕೊರಳೆಲುಬು. ಇದರ ಒಳತುದಿ ಎದೆಮೂಳೆಗೆ ತಗುಲಿದೆ, ಹೊರತುದಿ ಹೆಗಲ ಹಲಗೆಗೆ ತಗುಲಿದೆ. ಚಾಚಿದ ಕೈಯ ಮೇಲೆ ಬಿದ್ದಾಗ ಪೆಟ್ಟು ಕೈಯಿಂದ ತೋಳಿಗೆ, ತೋಳಿನಿಂದ ಹೆಗಲಿಗೆ ಸಾಗಿ ಕೊನೆಗೆ ಈ ತೆಳುವಾದ ಮೂಳೆಯಲ್ಲಿ ಹಾಯುತ್ತದೆ. ಅದು ಪದೇ ಪದೇ ಮುರಿಯುವುದಕ್ಕೆ ಕಾರಣ ಇದೇ.

ಹೆಗಲ ಹಲಗೆಯ ಹೊರಮೂಲೆಯಲ್ಲಿ ತಟ್ಟೆಯಂಥ ಆಳವಿಲ್ಲದ ಒಂದು ಗುಳಿ ಇದೆ. ಮೇಲ್ತೋಳಿನ ಮೂಳೆಯ, ಅಂದರೆ ಹ್ಯೂಮರಸ್‌ನ, ಚೆಂಡಿನಂಥ ತಲೆ ಅದಕ್ಕೆ ಒತ್ತಿಕೊಂಡಿದೆ. ಚೆಂಡು ದೊಡ್ಡದು, ಗುಳಿ ಚಿಕ್ಕದು. ಆದ್ದರಿಂದಲೇ ತೋಳು ಎಲ್ಲ ದಿಕ್ಕಿಗೂ ತಿರುಗಬಲ್ಲದು. ಆದ್ದರಿಂದಲೇ ಅದು ಸುಲಭವಾಗಿ ತಪ್ಪಿಹೋಗಲೂ ಬಲ್ಲದು. ತೋಳನ್ನು ಎತ್ತಿ ಹೊರಕ್ಕೆ ತಿರುಗಿಸಿದ ಸ್ಥಿತಿಯಲ್ಲಿ ಹಿಂದಕ್ಕೆ ಜಗ್ಗು ಬಿದ್ದರೆ ಚೆಂಡು ಗುಳಿಯ ಮುಂದಂಚನ್ನು ದಾಟಿ ಕೆಳಕ್ಕೆ ಜಾರುತ್ತದೆ. ಚಲಿಸುತ್ತಿರುವ ರೈಲಿನ ಬಾಗಿಲ ಕಂಬವನ್ನು ಹಿಡಿದು ಹತ್ತಲು ಯತ್ನಿಸುವವನ ತೋಳು ಇರುವುದು ಸರಿಯಾಗಿ ಇದೇ ಸ್ಥಿತಿಯಲ್ಲಿ. ಕೀಲು ತಪ್ಪಿದ ಭುಜ ತನ್ನ ದುಂಡನ್ನು ಕಳೆದುಕೊಂಡು ಚಪ್ಪಟೆಯಾಗಿ ಕಾಣುತ್ತದೆ. ಮೂಳೆಯ ಕತ್ತನ್ನು ಸುತ್ತಿ ಹೋಗುವ ನರವೊಂದು ಅಲ್ಲಿ ಸಿಲುಕಿರಬಹುದಾದ ಕಾರಣ ಅದನ್ನು ಜಗ್ಗಿ ಕೂಡಿಸಲು ದಾರಿಹೋಕರು ಯತ್ನಿಸಬಾರದು.

ಮೇಲ್ತೋಳಿನ ಮೂಳೆಯ ನಡುಭಾಗದ ಹಿಂದೆ ಮತ್ತೊಂದು ನರ ಓರೆಯಾಗಿ ಮೂಳೆಗೆ ಅಂಟಿಕೊಂಡೇ ಇಳಿಯುತ್ತದೆ. ಅಲ್ಲಿ ಮುರಿತವಾದಾಗ ಕೆಲವರಿಗೆ ಮಣಿಕಟ್ಟನ್ನು ಎತ್ತಲಾಗದೆ ಹಸ್ತ ಜೋಲುಬೀಳುತ್ತದೆ. ಮೂಳೆಯ ಕೆಳತುದಿಯ ಒಳ ಉಬ್ಬಿನ ಹಿಂದೆ ಮೂರನೆಯ ನರವಿದೆ. ಮೊಣಕೈ ಬಾಗಿಲಿಗೆ ತಾಗಿದಾಗ ಕಿರುಬೆರಳಿನವರೆಗೆ ‘ಜುಂ’ ಎನ್ನುವ ಅನುಭವ ಎಲ್ಲರಿಗೂ ಇದೆ. ಆಗ ತಾಗಿದ್ದು ಮೂಳೆಯಲ್ಲ, ಈ ನರ.

ಮೊಣಕೈಯಲ್ಲಿ ಓದುಗರು ತಾವೇ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಇದೆ. ಬೆರಳುಗಳಿಂದ ತಡವಿದರೆ ಅಲ್ಲಿ ಮೂರು ಗಂಟುಗಳು ಸಿಗುತ್ತವೆ. ಒಳಬದಿಯ ಉಬ್ಬು, ಹೊರಬದಿಯ ಉಬ್ಬು ಇವೆರಡೂ ಮೇಲ್ತೋಳಿನ ಮೂಳೆಗೆ ಸೇರಿದವು. ಹಿಂದಿನ ಮೊನೆ ಮುಂದೋಳಿನ ಒಳಮೂಳೆಗೆ ಸೇರಿದ್ದು. ತೋಳನ್ನು ನೇರವಾಗಿ ಚಾಚಿದಾಗ ಈ ಮೂರೂ ಒಂದೇ ಗೆರೆಯಲ್ಲಿರುತ್ತವೆ. ಮೊಣಕೈಯನ್ನು ಲಂಬವಾಗಿ ಮಡಿಸಿದಾಗ ಅವು ತ್ರಿಕೋನವಾಗುತ್ತವೆ. ಮೊಣಕೈಯ ಮೇಲುಗಡೆ ಮೂಳೆ ಮುರಿದಿದ್ದರೆ ಮೂರು ಗಂಟುಗಳೂ ಒಟ್ಟಿಗೇ ಸರಿಯುವುದರಿಂದ ತ್ರಿಕೋನ ಕೆಡುವುದಿಲ್ಲ. ಕೀಲೇ ತಪ್ಪಿದ್ದರೆ ತ್ರಿಕೋನ ಕೆಡುತ್ತದೆ. ಎರಡರಲ್ಲಿಯೂ ಊತ ಒಂದೇ, ನೋವು ಒಂದೇ, ಡೊಂಕು ಹೆಚ್ಚುಕಡಿಮೆ ಒಂದೇ. ಆದರೆ ಮೂರು ಬಿಂದುಗಳ ಪರಸ್ಪರ ಸ್ಥಾನವು ಎರಡನ್ನೂ ಬೇರ್ಪಡಿಸುತ್ತದೆ.

ಮೊಣಕೈಯ ಮೇಲಿನ ಈ ಮುರಿತವು ಆಟವಾಡುತ್ತ ಬೀಳುವ ಮಕ್ಕಳಲ್ಲಿ ಹೆಚ್ಚು. ಮುರಿದ ಮೇಲಿನ ತುಂಡಿನ ಚೂಪಾದ ಅಂಚು ಮುಂದಕ್ಕೆ ಬರುತ್ತದೆ. ಕೈಗೆ ರಕ್ತವನ್ನು ಒಯ್ಯುವ ಮುಖ್ಯ ಅಪಧಮನಿ ಇರುವುದು ಅದರ ಎದುರಿನಲ್ಲಿಯೇ. ಅಪಧಮನಿ ಅದುಮಿಹೋದರೆ ಅಥವಾ ಊತದ ಮೇಲೆ ಬಿಗಿಯಾಗಿ ಕಟ್ಟು ಬಿದ್ದರೆ ಮುಂದೋಳಿನ ಸ್ನಾಯುಗಳು ರಕ್ತವಿಲ್ಲದೆ ಸಾಯುತ್ತವೆ, ಬೆರಳುಗಳು ಶಾಶ್ವತವಾಗಿ ಮುರುಟಿಕೊಳ್ಳುತ್ತವೆ. ಜರ್ಮನಿಯ ಶಸ್ತ್ರವೈದ್ಯ ಫೋಕ್‌ಮನ್ 1881ರಲ್ಲಿಯೇ ಇದನ್ನು ವಿವರಿಸಿದ್ದರು. ಕರ್ನಾಟಕದ ಹಳ್ಳಿಗಳಲ್ಲಿ ಮೂಳೆ ಕಟ್ಟುವ ನಾಟಿ ವೈದ್ಯರಿರುವಂತೆ ಮಹಾರಾಷ್ಟ್ರದಲ್ಲಿ ‘ಹಾಡವೈದ್ಯ’ರಿದ್ದಾರೆ. ಅವರ ಕೈಗುಣವನ್ನು ನಂಬಿದ ಕುಟುಂಬಗಳು ಅನೇಕ. ಕಟ್ಟನ್ನು ಯಾರೇ ಕಟ್ಟಿರಲಿ, ಆಸ್ಪತ್ರೆಯಲ್ಲಿಯೇ ಕಟ್ಟಿರಲಿ, ಬೆರಳುಗಳು ತಣ್ಣಗಾದರೆ, ಬಿಳಿಚಿಕೊಂಡರೆ ಅಥವಾ ನೀಲಿಯಾದರೆ, ಮರಗಟ್ಟಿದರೆ, ಬೆರಳನ್ನು ನೆಟ್ಟಗೆ ಮಾಡಿದಾಗ ತಡೆಯಲಾರದ ನೋವಾದರೆ ಬೆಳಗಿನವರೆಗೆ ಕಾಯತಕ್ಕದ್ದಲ್ಲ. ಆ ರಾತ್ರಿಯೇ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕು. ಕೆಲವೇ ಗಂಟೆಗಳ ವಿಳಂಬದಿಂದ ಇಡೀ ಬದುಕಿನ ಕೈ ಹೋಗುವುದುಂಟು.

ಮುಂದೋಳಿನ ಎರಡು ಮೂಳೆಗಳು

ಮೊಣಕೈಯಿಂದ ಮಣಿಕಟ್ಟಿನವರೆಗಿನ ಮುಂದೋಳಿನಲ್ಲಿ ಎರಡು ಮೂಳೆಗಳಿವೆ. ಹೆಬ್ಬೆರಳಿನ ಕಡೆಯದು ರೇಡಿಯಸ್, ಕಿರುಬೆರಳಿನ ಕಡೆಯದು ಅಲ್ನಾ. ಅಲ್ನಾ ಮೇಲ್ತುದಿಯಲ್ಲಿ ದಪ್ಪ, ಕೆಳತುದಿಯಲ್ಲಿ ಸಣ್ಣ. ರೇಡಿಯಸ್ ಇದಕ್ಕೆ ತದ್ವಿರುದ್ಧ. ಅಲ್ನಾ ಮೇಲ್ತೋಳಿನ ಮೂಳೆಯನ್ನು ಕೊಕ್ಕೆಯಂತೆ ಹಿಡಿದು ಮೊಣಕೈಯನ್ನು ಕಾಯುತ್ತದೆ; ರೇಡಿಯಸ್ ಅಂಗೈಯನ್ನು ಹೊತ್ತು ಮಣಿಕಟ್ಟನ್ನು ಕಾಯುತ್ತದೆ. ಅಂಗೈಯ ಮೇಲೆ ಬಿದ್ದ ಭಾರ ರೇಡಿಯಸ್‌ಗೆ ಬಂದು, ಎರಡು ಮೂಳೆಗಳ ನಡುವೆ ಹಾಸಿರುವ ಗಟ್ಟಿ ಪೊರೆಯ ಓರೆ ಎಳೆಗಳ ಮೂಲಕ ಭಾಗಶಃ ಅಲ್ನಾಕ್ಕೆ ಹೋಗಿ, ಅಲ್ಲಿಂದ ಮೇಲ್ತೋಳಿಗೆ ಏರುತ್ತದೆ.

ಶರೀರದಲ್ಲಿ ಇನ್ನೆಲ್ಲಿಯೂ ಕಾಣದ ಚಲನೆಯೊಂದು ಇಲ್ಲಿದೆ. ಮಾಟುಂಗಾದ ಉಡುಪಿ ಹೋಟೆಲೊಂದರಲ್ಲಿ ತಟ್ಟೆಗಳನ್ನು ಹೊತ್ತು ಬರುವ ಮಾಣಿಯ ಅಂಗೈ ಮೇಲ್ಮುಖವಾಗಿರುತ್ತದೆ. ಆಗ ರೇಡಿಯಸ್ ಮತ್ತು ಅಲ್ನಾ ಅಕ್ಕಪಕ್ಕದಲ್ಲಿ ಸಮಾನಾಂತರವಾಗಿರುತ್ತವೆ. ಅವನೇ ಮೇಜು ಒರೆಸಲು ಅಂಗೈಯನ್ನು ಕೆಳಕ್ಕೆ ತಿರುಗಿಸಿದಾಗ ಅಲ್ನಾ ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ; ರೇಡಿಯಸ್‌ನ ಕೆಳತುದಿ ಅಲ್ನಾದ ಮುಂದಿನಿಂದ ಸುತ್ತಿಬಂದು ಒಳಬದಿಗೆ ಸೇರುತ್ತದೆ. ಮೂಳೆಗಳು ಕತ್ತರಿಯಂತೆ ಒಂದರ ಮೇಲೊಂದು ಹಾಯುತ್ತವೆ. ಬೀಗ ತೆರೆಯುವುದು, ಬಟ್ಟೆ ಹಿಂಡುವುದು, ತುತ್ತನ್ನು ಬಾಯಿಗೆ ಒಯ್ಯುವುದು ಎಲ್ಲವೂ ಈ ಹಾಯುವಿಕೆಯಿಂದಲೇ ಸಾಧ್ಯ. ಎರಡರಲ್ಲಿ ಒಂದು ಮುರಿದು ಸ್ವಲ್ಪ ಡೊಂಕಾಗಿ ಕೂಡಿಕೊಂಡರೂ ಕೈ ಬಲವಾಗಿಯೇ ಇರಬಹುದು, ಆದರೆ ಅಂಗೈ ಪೂರ್ತಿ ತಿರುಗದು. ತಟ್ಟೆ ಹೊರುವವನ ಜೀವನೋಪಾಯಕ್ಕೆ ಅಷ್ಟೇ ಕುಂದು ಸಾಕು. ವಯಸ್ಕರ ಮುಂದೋಳಿನ ಎರಡೂ ಮೂಳೆಗಳು ಮುರಿದಾಗ ವೈದ್ಯರು ಬಹುತೇಕ ಶಸ್ತ್ರಕ್ರಿಯೆ ಮಾಡಿ ಲೋಹದ ಪಟ್ಟಿಯಿಂದ ಅವನ್ನು ಸರಿಯಾಗಿ ಕೂಡಿಸುವುದಕ್ಕೆ ಇದೇ ಕಾರಣ.

ರೇಡಿಯಸ್‌ನ ಮೇಲ್ತುದಿ ಒಂದು ಗುಂಡನೆಯ ಬಿಲ್ಲೆಯಂತಿದೆ. ಉಂಗುರದಂಥ ಒಂದು ಕಟ್ಟು ಅದನ್ನು ಅಲ್ನಾಕ್ಕೆ ಒತ್ತಿ ಹಿಡಿದಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಉಂಗುರ ಸಡಿಲ. ರೈಲು ಹೊರಡುವ ಅವಸರದಲ್ಲಿ ತಾಯಿಯೋ ತಂದೆಯೋ ಮಗುವನ್ನು ಮಣಿಕಟ್ಟಿನಲ್ಲಿ ಹಿಡಿದು ಡಬ್ಬಿಯೊಳಕ್ಕೆ ಎಳೆದುಕೊಂಡರೆ ಬಿಲ್ಲೆ ಉಂಗುರದಿಂದ ಅರ್ಧ ಜಾರುತ್ತದೆ. ಮಗು ಅಳುತ್ತದೆ, ಆ ಕೈಯನ್ನು ಬಳಸುವುದೇ ಇಲ್ಲ, ಊತವೂ ಕಾಣದು. ‘ಹಟ ಮಾಡುತ್ತಿದೆ’ ಎಂದು ಗದರಿಸುವವರೂ ಉಂಟು. ವೈದ್ಯರು ಮುಂದೋಳನ್ನು ಒಂದು ಕ್ರಮದಲ್ಲಿ ತಿರುಗಿಸಿದರೆ ಸಾಕು, ಮಗು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಆಟಿಕೆ ಹಿಡಿಯುತ್ತದೆ. ಆದರೆ ಮುರಿತವಿಲ್ಲವೆಂದು ಖಚಿತವಾಗದೆ ಮನೆಯಲ್ಲಿ ತಿರುಗಿಸುವ ಸಾಹಸ ಬೇಡ. ಮಗುವನ್ನು ರೈಲಿಗೆ ಹತ್ತಿಸುವಾಗ ಕಂಕುಳಲ್ಲಿ ಕೈಯಿಟ್ಟು ಎತ್ತಬೇಕು.

ಮಣಿಕಟ್ಟಿನ ಎರಡೂ ಬದಿಗಳಲ್ಲಿ ಒಂದೊಂದು ಮೊನೆ ಸಿಗುತ್ತದೆ. ಹೆಬ್ಬೆರಳಿನ ಕಡೆಯ ಮೊನೆ ಕಿರುಬೆರಳಿನ ಕಡೆಯದಕ್ಕಿಂತ ಸುಮಾರು 1 ಸೆಂಟಿಮೀಟರಿನಷ್ಟು ಕೆಳಗಿರಬೇಕು. ಜಾರಿ ಅಂಗೈಯೂರಿ ಬಿದ್ದ ವೃದ್ಧರಲ್ಲಿ ರೇಡಿಯಸ್‌ನ ಕೆಳತುದಿ ಮುರಿದು ಹಿಂದಕ್ಕೂ ಮೇಲಕ್ಕೂ ಸರಿದಾಗ ಈ ಅಂತರ ಅಳಿದುಹೋಗುತ್ತದೆ. ಪಕ್ಕದಿಂದ ನೋಡಿದರೆ ಮಣಿಕಟ್ಟು ಊಟದ ಮುಳ್ಳುಚಮಚದ ಬೆನ್ನಿನಂತೆ ಬಾಗಿರುತ್ತದೆ. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕೊಲೆಸ್ ಇದನ್ನು ವರ್ಣಿಸಿದ್ದು 1814ರಲ್ಲಿ, ಅಂದರೆ ಎಕ್ಸ್-ಕಿರಣಕ್ಕೆ 81 ವರ್ಷ ಮೊದಲು. ಕೈಯಿಂದ ತಡವಿ ತಿಳಿದದ್ದು ಇಂದಿಗೂ ಅವರ ಹೆಸರಿನಲ್ಲಿಯೇ ಉಳಿದಿದೆ.

ಮಣಿಕಟ್ಟಿನಲ್ಲಿ ಎಂಟು ಕಿರುಮೂಳೆಗಳು ನಾಲ್ಕು ನಾಲ್ಕರಂತೆ ಎರಡು ಸಾಲುಗಳಲ್ಲಿವೆ. ಹೆಸರುಗಳನ್ನು ವೈದ್ಯ ವಿದ್ಯಾರ್ಥಿಗಳಿಗೆ ಬಿಡಬಹುದು. ಒಂದನ್ನು ಮಾತ್ರ ನೆನಪಿಡಬೇಕು. ಹೆಬ್ಬೆರಳಿನ ಬುಡದಲ್ಲಿ, ಬೆರಳನ್ನು ಹಿಂದಕ್ಕೆ ಚಾಚಿದಾಗ ಮೂಡುವ ಸಣ್ಣ ಹಳ್ಳದ ತಳದಲ್ಲಿ, ದೋಣಿಯಾಕಾರದ ಸ್ಕೇಫಾಯ್ಡ್ ಎಂಬ ಮೂಳೆ ಇದೆ. ಬಿದ್ದ ಮೇಲೆ ಆ ಹಳ್ಳವನ್ನು ಒತ್ತಿದರೆ ನೋಯುವುದಾದರೆ, ಮೊದಲ ದಿನದ ಎಕ್ಸ್-ಕಿರಣ ಚಿತ್ರದಲ್ಲಿ ಏನೂ ಕಾಣದಿದ್ದರೂ ‘ಉಳುಕು’ ಎಂದು ಬಿಟ್ಟುಬಿಡಬಾರದು. ಈ ಮೂಳೆಯ ಬಿರುಕು ಎಷ್ಟೋ ಸಲ ಹತ್ತು ಹನ್ನೆರಡು ದಿನಗಳ ಅನಂತರವೇ ಚಿತ್ರದಲ್ಲಿ ತೋರುತ್ತದೆ. ಅದರಾಚೆ ಅಂಗೈಯ ಐದು ಮೂಳೆಗಳು, ಬೆರಳುಗಳ ಹದಿನಾಲ್ಕು ಮೂಳೆಗಳು. ಹೆಬ್ಬೆರಳಿಗೆ ಎರಡೇ ಗಣಿಕೆ, ಉಳಿದವಕ್ಕೆ ಮೂರು ಮೂರು. ಹೆಬ್ಬೆರಳಿನ ಮೂಳೆಗಳು ಉಳಿದವುಗಳ ಸಾಲಿನಲ್ಲಿ ನಿಲ್ಲದೆ ಅವುಗಳಿಗೆ ಅಡ್ಡಲಾಗಿ ತಿರುಗಿ ನಿಂತಿವೆ. ಹಿಡಿಯುವ ಶಕ್ತಿಯೆಲ್ಲ ಈ ಅಡ್ಡ ನಿಲುವಿನಿಂದ ಬಂದದ್ದು.

ಕಾಲಿನ ಮೂಳೆಗಳು

ಕಾಲಿನ ರಚನೆಯೂ ಕೈಯ ಮಾದರಿಯದೇ: ಮೇಲೆ ಒಂದು ಮೂಳೆ, ಕೆಳಗೆ ಎರಡು, ಅದರಾಚೆ ಕಿರುಮೂಳೆಗಳ ಗುಂಪು, ಕೊನೆಗೆ ಬೆರಳುಗಳು. ಹಾಗಿದ್ದರೂ ಮೊಣಕೈಯ ಮೊನೆ ಹಿಂದಕ್ಕಿದೆ, ಮಂಡಿ ಮುಂದಕ್ಕಿದೆ. ಶಾಸ್ತ್ರದ ನಿಲುವಿನಲ್ಲಿ ಕೈಯ ಹೆಬ್ಬೆರಳು ಹೊರಕ್ಕಿದೆ, ಕಾಲಿನ ಹೆಬ್ಬೆರಳು ಒಳಕ್ಕಿದೆ. ಈ ವೈಪರೀತ್ಯ ಗರ್ಭದಲ್ಲಿಯೇ ಉಂಟಾದದ್ದು. ಆರನೆಯ ವಾರದಿಂದ ಎಂಟನೆಯ ವಾರದ ಅವಧಿಯಲ್ಲಿ ಭ್ರೂಣದ ಕೈಮೊಳಕೆ ಹೊರಕ್ಕೂ ಕಾಲ್ಮೊಳಕೆ ಒಳಕ್ಕೂ ಸುಮಾರು 90 ಡಿಗ್ರಿಗಳಷ್ಟು ತಿರುಗುತ್ತವೆ. ಹಾಗಾಗಿ ಮುಂದೋಳಿನ ರೇಡಿಯಸ್‌ಗೆ ಕಾಲಿನಲ್ಲಿ ಸಾಟಿಯಾದದ್ದು ಹೆಬ್ಬೆರಳಿನ ಬದಿಯ, ಅಂದರೆ ಒಳಬದಿಯ ಟಿಬಿಯಾ. ಅಲ್ನಾಕ್ಕೆ ಸಾಟಿಯಾದದ್ದು ಹೊರಬದಿಯ ಫಿಬುಲಾ.

ಹೆಗಲಿನ ಗುಳಿ ತಟ್ಟೆಯಂತಿದ್ದರೆ ಸೊಂಟದ ಗುಳಿ ಆಳವಾದ ಬಟ್ಟಲಿನಂತಿದೆ. ತೊಡೆಮೂಳೆಯ ತಲೆ ಅದರಲ್ಲಿ ಅಡಗಿ ಕುಳಿತಿದೆ. ತೊಡೆಮೂಳೆ ಶರೀರದ ಅತ್ಯಂತ ಉದ್ದವಾದ ಮೂಳೆ. ವ್ಯಕ್ತಿಯ ಎತ್ತರದ ಸುಮಾರು ಕಾಲು ಭಾಗದಷ್ಟು ಉದ್ದ. ಅದರ ಕತ್ತು ಕಾಂಡದೊಡನೆ ಸುಮಾರು 125 ಡಿಗ್ರಿಗಳ ಕೋನ ಮಾಡಿ ಒಳಕ್ಕೆ ಬಾಗಿದೆ. ಕಾಂಡವು ಕೆಳಗಿಳಿಯುತ್ತ ಒಳಕ್ಕೆ ಓರೆಯಾಗಿ ಬಂದು ಮಂಡಿಗಳನ್ನು ದೇಹದ ಭಾರದ ಅಡಿಗೆ ತರುತ್ತದೆ. ಮಳೆಗಾಲದಲ್ಲಿ ಚಾಳಿನ ಪಾಚಿಗಟ್ಟಿದ ಮೊರಿಯಲ್ಲಿ ಜಾರಿದ ವೃದ್ಧೆಯೊಬ್ಬರು ಏಳಲಾರದೆ ಮಲಗಿದ್ದಾರೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ಹೊರಳಿದೆ ಎಂದರೆ ಈ ಕತ್ತು ಮುರಿದಿರುವ ಸಂಭವ ಹೆಚ್ಚು. ವಾಹನ ಅಪಘಾತದಲ್ಲಿ ಮಂಡಿಗೆ ಗುದ್ದು ಬಿದ್ದವನ ಕಾಲು ಗಿಡ್ಡವಾಗಿ ಒಳಕ್ಕೆ ಹೊರಳಿದ್ದರೆ ತಲೆ ಬಟ್ಟಲಿನಿಂದ ಹಿಂದಕ್ಕೆ ತಪ್ಪಿರಬಹುದು. ಎರಡರಲ್ಲಿಯೂ ನಿಲ್ಲಿಸಿ ನಡೆಸಿ ನೋಡುವುದು ಸಲ್ಲದು. ತೊಡೆಮೂಳೆಯ ಕಾಂಡ ಮುರಿದಾಗ ಹೊರಗೆ ಒಂದು ಹನಿಯೂ ಕಾಣದೆ ತೊಡೆಯೊಳಗೇ ಒಂದು ಲೀಟರಿಗೂ ಹೆಚ್ಚು ರಕ್ತ ಸೋರಿರಬಹುದು. ಮುಖ ಬಿಳಿಚಿಕೊಂಡು ಬೆವರಿದರೆ ಅದನ್ನು ಹೆದರಿಕೆ ಎಂದು ತಿಳಿಯಬಾರದು.

ಮಂಡಿಯಿಂದ ಕೆಳಗೆ ಭಾರ ಹೊರುವುದು ಬಹುಮಟ್ಟಿಗೆ ಟಿಬಿಯಾ ಒಂದೇ. ಹೊರಬದಿಯ ತೆಳುವಾದ ಫಿಬುಲಾ ಮಂಡಿಯ ಕೀಲನ್ನು ಮುಟ್ಟುವುದೇ ಇಲ್ಲ. ಸ್ವಲ್ಪ ಕೆಳಗೆ ಟಿಬಿಯಾಕ್ಕೆ ಆತುಕೊಂಡಿದೆ. ಮುಂದೋಳಿನ ಮೂಳೆಗಳಂತೆ ಇವು ಒಂದನ್ನೊಂದು ಹಾಯುವುದಿಲ್ಲ. ನಿಲ್ಲುವುದಕ್ಕೆ ಬೇಕಾದದ್ದು ತಿರುಗಾಟವಲ್ಲ, ದೃಢತೆ. ಟಿಬಿಯಾದ ಒಳಮುಖ ಮಂಡಿಯಿಂದ ಹರಡಿನವರೆಗೆ ಬರಿಯ ಚರ್ಮದ ಅಡಿಯಲ್ಲಿದೆ, ನಡುವೆ ಸ್ನಾಯುವಿಲ್ಲ. ಮುರಿದ ಮೂಳೆ ಚರ್ಮ ಸೀಳಿ ಹೊರಬರುವುದು ಇಲ್ಲಿ ಹೆಚ್ಚು. ಕೊಳೆ ಸೇರಿದರೆ ಮೂಳೆಯೇ ಕೊಳೆಯತೊಡಗುತ್ತದೆ. ಹೊರಬದಿಯಲ್ಲಿ ಫಿಬುಲಾದ ಕತ್ತನ್ನು ಸುತ್ತಿ ಪಾದವನ್ನು ಎತ್ತುವ ನರ ಹೋಗುತ್ತದೆ. ಅಲ್ಲಿ ದಬ್ಬೆಯನ್ನು ಬಿಗಿಯಾಗಿ ಕಟ್ಟಿದರೆ ಮುರಿತ ವಾಸಿಯಾದ ಮೇಲೂ ಪಾದ ಜೋಲುಬಿದ್ದು, ನಡೆಯುವಾಗ ಹೆಬ್ಬೆರಳು ನೆಲಕ್ಕೆ ಎಡವುತ್ತದೆ.

ಹರಡಿನ ಎರಡು ಗಂಟುಗಳಲ್ಲಿ ಒಳಗಂಟು ಟಿಬಿಯಾದ್ದು, ಹೊರಗಂಟು ಫಿಬುಲಾದ್ದು. ಹೊರಗಂಟು ಹೆಚ್ಚು ಕೆಳಗೂ ತುಸು ಹಿಂದಕ್ಕೂ ಇದೆ. ಹೀಗಾಗಿ ಪಾದ ಹೊರಕ್ಕೆ ವಾಲುವುದು ಕಷ್ಟ, ಒಳಕ್ಕೆ ಮಗುಚುವುದು ಸುಲಭ. ಉಳುಕುಗಳಲ್ಲಿ ಬಹುಪಾಲು ಹೊರಬದಿಯಲ್ಲಿ ನೋಯುತ್ತವೆ. ಪಾದದ ಹಿಂಭಾಗದಲ್ಲಿ ಏಳು ಮೂಳೆಗಳು ಕಮಾನಿನಂತೆ ಜೋಡಣೆಗೊಂಡಿವೆ. ಮುಂದೆ ಅಂಗೈ ಮತ್ತು ಬೆರಳುಗಳ ಸಂಖ್ಯೆಯೇ ಇಲ್ಲಿಯೂ ಇದೆ.

ಅಪಘಾತದ ಸ್ಥಳದಲ್ಲಿ

ಪ್ಲಾಟ್‌ಫಾರ್ಮಿನಲ್ಲಿ ಬಿದ್ದವನ ಕೈಯೋ ಕಾಲೋ ಡೊಂಕಾಗಿ ಕಂಡರೆ ಅದನ್ನು ನೆಟ್ಟಗೆ ಮಾಡುವುದು ಸಹಾಯಕನ ಕೆಲಸವಲ್ಲ. ಇದ್ದ ಸ್ಥಿತಿಯಲ್ಲಿಯೇ ಅಲುಗದಂತೆ ನಿಲ್ಲಿಸುವುದು ಅವನ ಕೆಲಸ. ಮುರಿತ ಮುಂದೋಳಿನಲ್ಲಿದ್ದರೆ ಮೊಣಕೈಯೂ ಮಣಿಕಟ್ಟೂ ಅಲುಗಬಾರದು. ಕಣಕಾಲಿನಲ್ಲಿದ್ದರೆ ಮಂಡಿಯೂ ಹರಡೂ ಅಲುಗಬಾರದು. ಮೇಲಿನ ಕೀಲು, ಕೆಳಗಿನ ಕೀಲು ಎರಡನ್ನೂ ಸೇರಿಸದ ದಬ್ಬೆಯಿಂದ ಪ್ರಯೋಜನವಿಲ್ಲ. ಮುಂದೋಳಿಗೆ ದಪ್ಪಗೆ ಮಡಿಸಿದ ದಿನಪತ್ರಿಕೆ ಸಾಕು; ಕಣಕಾಲಿಗೆ ಮಳೆಗಾಲದಲ್ಲಿ ಎಲ್ಲರ ಕೈಯಲ್ಲಿರುವ ಉದ್ದ ಕೊಡೆ ಒದಗುತ್ತದೆ. ಅದು ಮೂಳೆಗೆ ಒತ್ತದಂತೆ, ವಿಶೇಷವಾಗಿ ಮಂಡಿಯ ಹೊರಬದಿಯಲ್ಲಿ, ಬಟ್ಟೆಯ ಮೆತ್ತೆ ಇರಬೇಕು. ಏನೂ ಸಿಗದಿದ್ದರೆ ಗಾಯಗೊಂಡ ಕಾಲನ್ನು ಇನ್ನೊಂದು ಕಾಲಿಗೆ, ತೋಳನ್ನು ಎದೆಗೆ ಕಟ್ಟಬಹುದು.

ಕೈಯಾದರೆ ಬಳೆ, ಉಂಗುರ, ಗಡಿಯಾರಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಹೊರಬಂದ ಮೂಳೆಯನ್ನು ಒಳಕ್ಕೆ ತಳ್ಳದೆ ಶುಭ್ರವಾದ ಬಟ್ಟೆ ಮುಚ್ಚಬೇಕು. ಶಸ್ತ್ರಕ್ರಿಯೆ ಬೇಕಾಗಬಹುದಾದ್ದರಿಂದ ಚಹಾ, ನೀರು ಕುಡಿಸುವ ಉಪಚಾರವನ್ನು ತಡೆಯಬೇಕು. ಕುತ್ತಿಗೆ ಅಥವಾ ಬೆನ್ನಿನಲ್ಲಿ ನೋವೆಂದರೆ, ರೈಲಿನ ಹಳಿಯಂಥ ಅಪಾಯದ ಸ್ಥಳವಲ್ಲದಿದ್ದರೆ, ಸ್ಟ್ರೆಚರ್ ಬರುವವರೆಗೆ ಎತ್ತಬಾರದು. ರೈಲ್ವೆ ಸಹಾಯಕ್ಕೆ 139, ಆಂಬುಲೆನ್ಸ್‌ಗೆ 108, ಯಾವುದೇ ತುರ್ತಿಗೆ 112 ಸಂಖ್ಯೆಗಳಿವೆ.

ಅವಯವ ತುಂಡಾಗಿದ್ದರೆ ಮೊದಲು ರಕ್ತಸ್ರಾವವನ್ನು ಒತ್ತಿ ಹಿಡಿಯಬೇಕು. ತುಂಡನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಇಟ್ಟು ಗಾಯಾಳುವಿನೊಡನೆಯೇ ಕಳುಹಿಸಬೇಕು. ಮಂಜುಗಡ್ಡೆ ನೇರವಾಗಿ ಮಾಂಸಕ್ಕೆ ತಾಗಿದರೆ ಜೀವಕೋಶಗಳು ನಾಶವಾಗುತ್ತವೆ. ಬೆರಳು ಹಲವು ಗಂಟೆ ತಾಳುತ್ತದೆ. ಸ್ನಾಯು ಹೆಚ್ಚಾಗಿರುವ ತೋಳು, ತೊಡೆಗಳಿಗೆ ಅಷ್ಟು ಅವಕಾಶವಿಲ್ಲ.

ಕಳೆದುಕೊಂಡ ಅವಯವ

ತುಂಡಾದ ಅವಯವವನ್ನು ಜೋಡಿಸಲಾಗದಿದ್ದಾಗ ಶಸ್ತ್ರವೈದ್ಯರು ಸಾಧ್ಯವಾದಷ್ಟೂ ಮಂಡಿಯನ್ನು ಉಳಿಸಲು ನೋಡುತ್ತಾರೆ. ಮಂಡಿ ಉಳಿದವನಿಗೆ ಕೃತಕ ಕಾಲಿನಿಂದ ನಡೆಯಲು ಬೇಕಾಗುವ ಶ್ರಮ, ಮಂಡಿ ಕಳೆದುಕೊಂಡವನ ಶ್ರಮಕ್ಕಿಂತ ಎಷ್ಟೋ ಕಡಿಮೆ. ಮುಂಬಯಿಯ ಹಾಜಿ ಅಲಿಯಲ್ಲಿ 1955ರಲ್ಲಿ ಆರಂಭವಾದ, ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಸೇರಿದ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆಯಲ್ಲಿ ಇಂಥವರಿಗೆ ಕೃತಕ ಕೈಕಾಲುಗಳನ್ನು ಹೊಂದಿಸಿ, ಅವುಗಳ ಬಳಕೆಯನ್ನು ಕಲಿಸುವ ವ್ಯವಸ್ಥೆ ಇದೆ. ಹೊಂದಿಸುವವರು ಮೊದಲು ನೋಡುವುದು ಕಾಲಿನ ಉದ್ದವನ್ನಷ್ಟೇ ಅಲ್ಲ. ಸೊಂಟ, ಮಂಡಿ, ಹರಡು ಮೂರೂ ಒಂದನ್ನೊಂದು ಕುರಿತು ಯಾವ ನೇರದಲ್ಲಿವೆ ಎಂಬುದನ್ನು. ಆ ನೇರ ಸ್ವಲ್ಪ ತಪ್ಪಿದರೂ ಒಳ್ಳೆಯ ಸಾಮಗ್ರಿಯಿಂದ ಮಾಡಿದ ಕಾಲು ಕೂಡ ಮೂಲೆ ಸೇರುತ್ತದೆ.

2014ರ ಜನವರಿಯಲ್ಲಿ ಘಾಟ್ಕೋಪರ್ ನಿಲ್ದಾಣದಲ್ಲಿ ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಯಲ್ಲಿ ಸಿಲುಕಿ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಎರಡೂ ಕೈಗಳನ್ನು ಕಳೆದುಕೊಂಡಳು. ಆ ಘಟನೆಯ ಅನಂತರ ವಿಷಯವು ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂದು, ಉಪನಗರ ನಿಲ್ದಾಣಗಳ ಪ್ಲಾಟ್‌ಫಾರ್ಮುಗಳನ್ನು ಎತ್ತರಿಸುವ ಕೆಲಸ ಚುರುಕಾಯಿತು. ಆರು ವರ್ಷಕ್ಕೂ ಹೆಚ್ಚು ಕಾಲ ಕಾದ ಮೇಲೆ, 2020ರ ಆಗಸ್ಟ್ ತಿಂಗಳಲ್ಲಿ, ಚೆನ್ನೈಯಲ್ಲಿ ಮೆದುಳು ನಿಷ್ಕ್ರಿಯಗೊಂಡ ದಾನಿಯೊಬ್ಬರ ಕೈಗಳನ್ನು ವಿಮಾನದಲ್ಲಿ ತಂದು ಪರೇಲಿನ ಆಸ್ಪತ್ರೆಯೊಂದರಲ್ಲಿ ಆಕೆಗೆ ಜೋಡಿಸಲಾಯಿತು. ಮುಂಬಯಿಯಲ್ಲಿ ನಡೆದ ಮೊದಲ ಜೋಡಿ ಕೈಕಸಿ ಅದು.

ಇಂಥ ಕಸಿಯಲ್ಲಿ ಸಾಮಾನ್ಯವಾಗಿ ಮೊದಲು ಕೂಡಿಸುವುದು ಮೂಳೆಗಳನ್ನು. ಮುಂದೋಳಿನ ಮಟ್ಟದಲ್ಲಿಯಾದರೆ ದಾನಿಯ ರೇಡಿಯಸ್ ಅನ್ನು ರೋಗಿಯ ರೇಡಿಯಸ್‌ಗೆ, ಅಲ್ನಾವನ್ನು ಅಲ್ನಾಕ್ಕೆ ಲೋಹದ ಪಟ್ಟಿ ಮತ್ತು ತಿರುಪುಗಳಿಂದ ಬಿಗಿಯುತ್ತಾರೆ. ಉದ್ದವೂ ತಿರುವೂ ಸರಿಹೋಗಿ, ಅಂಗೈ ತಿರುಗಲು ಎರಡು ಮೂಳೆಗಳ ನಡುವಿನ ಅಂತರ ಉಳಿದ ಮೇಲೆ ಸ್ನಾಯುರಜ್ಜುಗಳು, ಅಪಧಮನಿಗಳು, ಅಭಿಧಮನಿಗಳು, ನರಗಳು ಒಂದೊಂದಾಗಿ ಜೋಡಣೆಗೊಳ್ಳುತ್ತವೆ. ರಕ್ತ ಹರಿದ ಕೂಡಲೇ ಕೈ ಕೆಂಪಾಗುತ್ತದೆ. ಸ್ಪರ್ಶ ಮಾತ್ರ ಆಗಲೇ ಬರುವುದಿಲ್ಲ. ಜೋಡಿಸಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮುಂದಕ್ಕೆ ಬೆಳೆಯಬೇಕು. ಮುಂದೋಳಿನ ನಡುವಿನಿಂದ ಬೆರಳ ತುದಿಯನ್ನು ಅದು ಮುಟ್ಟುವುದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಅಷ್ಟರವರೆಗೆ ಪ್ರತಿದಿನವೂ ಕೈಯನ್ನು ಮಡಿಸಿ, ಚಾಚಿ, ತಿರುಗಿಸುವ ಅಭ್ಯಾಸ ನಡೆಯುತ್ತಿರಬೇಕು.